ಉಜ್ಜಿದರೂ ಹೋಗದ ನೇರಳೆ ಕಲೆ

ಇದು ನಡೆದ ಸಂಗತಿ. ನಡೆದದ್ದಷ್ಟೇ ಅಲ್ಲ, ನಡೆದು, ಕೂತು, ಸುಧಾರಿಸಿಕೊಂಡು, ಮತ್ತೆ ಎದ್ದು ನಡೆದ ಸಂಗತಿ. ಇದರಲ್ಲಿ ಕೂದಲೆಳೆಯಷ್ಟು ಸುಳ್ಳಿದ್ದರೂ ನಾಳೆಯಿಂದ ನನ್ನ ನಾಲಗೆಗೆ ಉಪ್ಪು ಯಾವುದು ಸಕ್ಕರೆ ಯಾವುದು ಗೊತ್ತಾಗದೆ ಹೋಗಲಿ. ಕೂದಲೆಳೆಗಿಂತ ದಪ್ಪನೆಯ ಸುಳ್ಳಿಗೆ ಮಾತ್ರ ಈ ಆಣೆ ತಟ್ಟುವುದಿಲ್ಲ.

ಒಬ್ಬ ಬಣ್ಣದ ಮೇಸ್ತ್ರಿ ಇದ್ದ. ಹುಟ್ಟಿದಾಗ ಇಟ್ಟ ಹೆಸರೊಂದು ಅವನಿಗೂ ಇದ್ದೇ ಇತ್ತು, ಆದರೆ ಅದು ಅವನ ಹೆಂಡತಿಗೇ ಮರೆತುಹೋಗಿತ್ತು. ಎಲ್ಲರೂ ಕರೆಯುತ್ತಿದ್ದದ್ದು ಬಿಳಿಯಂಗಿ ಅಂತ. ಬೇರೆ ಬಣ್ಣದವರು ಹಳೇ ಹರುಕು ಬಟ್ಟೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದರೆ ಇವನು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಹೋಗುವವನು. ತಲೆಯ ಮೇಲಿನ ಛಾವಣಿಗೆ ಕೆಂಪು ಬಳಿದು ಕೆಳಗಿಳಿದರೂ ಅಂಗಿ ಹಾಲಿನ ಹಾಗೇ ಇರುತ್ತಿತ್ತು. ಒಂದು ಸಲ ಬ್ರಷ್ಷಿನಿಂದ ಜಾರಿದ ಹನಿಯೊಂದು ಅವನ ಭುಜದ ತನಕ ಬಂದು, ಯಾರ ಭುಜ ಅಂತ ನೋಡಿ, ಹೆದರಿ ಪಕ್ಕಕ್ಕೆ ಹೊರಳಿ ಅವನ ಭಾವಮೈದನ ನೆತ್ತಿಯ ಮೇಲೆ ಬಿತ್ತಂತೆ. ಇದನ್ನು ಹೇಳಿದವನು ಆ ಭಾವಮೈದನೇ. ಆದ್ದರಿಂದ ನಂಬಲೇಬೇಕು.

ಇಂಥ ಬಿಳಿಯಂಗಿಯ ಹೃದಯದಲ್ಲಿ ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ತಿದಿ ಊದಿದ ಹಾಗೆ ಉಸಿರು ಬಿಡುತ್ತಿದ್ದ. ದೊಡ್ಡಾಸ್ಪತ್ರೆಯವರು ಎದೆ ತೆರೆದು, ಹಳೇ ಬಾಗಿಲು ಕಿತ್ತು, ಲೋಹದ ಹೊಸ ಬಾಗಿಲು ಕೂರಿಸಿ, ಹೊಲಿದು ಮನೆಗೆ ಕಳಿಸಿದರು. ಕೆಲಸ ಅಚ್ಚುಕಟ್ಟು ಅಂತ ಬಿಳಿಯಂಗಿಯೇ ಮೆಚ್ಚಿಕೊಂಡ. ಹೊಲಿಗೆ ಒಂಚೂರು ಓರೆ ಅಂತ ಮಾತ್ರ ತಕರಾರು ತೆಗೆದ.

ಆ ಲೋಹದ ಬಾಗಿಲು ಟಿಕ್ ಟಿಕ್ ಅಂತ ಸದ್ದು ಮಾಡುತ್ತಿತ್ತು. ಅವನು ಹೋದ ಮನೆಯಲ್ಲೆಲ್ಲ ಜನ ತಲೆಯೆತ್ತಿ ಗೋಡೆ ಗಡಿಯಾರ ನೋಡುವರು. ಎಷ್ಟೋ ವರ್ಷದಿಂದ ನಿಂತುಹೋಗಿದ್ದ ಗಡಿಯಾರಗಳು ಅವನು ಒಳಗೆ ಬಂದ ಕೂಡಲೇ ಮಾನಕ್ಕಂಜಿ ಓಡಲು ಶುರುಮಾಡಿದ್ದೂ ಉಂಟು.

ಆಸ್ಪತ್ರೆಯವರು ಕಳಿಸುವಾಗ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಲೋಹ ಕಂಡರೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ, ಹೆಪ್ಪು ಕಟ್ಟಿದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ, ಬಾಗಿಲು ಸಿಕ್ಕಿಕೊಂಡರೆ ಮನುಷ್ಯ ಹೋದ ಅಂತ ಲೆಕ್ಕ. ಅದಕ್ಕೇ ರಕ್ತವನ್ನು ತೆಳುವಾಗಿ ಇಡುವ ಮಾತ್ರೆ. ರಾತ್ರಿ ಊಟವಾದ ಮೇಲೆ ಒಂದು, ಜೀವ ಇರುವ ತನಕ. ಆಗಾಗ ಬಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು, ಬೇರೆ ಯಾವ ಔಷಧಿ ತಗೊಳ್ಳುವ ಮೊದಲೂ ನಮ್ಮನ್ನು ಕೇಳಬೇಕು ಅಂತ ಡಾಕ್ಟರಮ್ಮ ಗಂಡನಿಗೊಂದು ಸಲ, ಹೆಂಡತಿಗೆರಡು ಸಲ ಹೇಳಿದ್ದರು. ಡಾಕ್ಟರಮ್ಮನಿಗೆ ಮನುಷ್ಯರ ಪರಿಚಯ ಚೆನ್ನಾಗಿತ್ತು.

ಬಿಳಿಯಂಗಿ ಸುಧಾರಿಸಿಕೊಂಡು ಕೆಲಸಕ್ಕೆ ಮರಳುವ ಹೊತ್ತಿಗೆ ಹಳೇ ಸಿನಿಮಾ ಟಾಕೀಸಿನ ಕೆಲಸ ಬಂದಿತ್ತು. ಅಂಥ ಕೆಲಸ ಬಣ್ಣದವನ ಜನ್ಮದಲ್ಲಿ ಒಂದು ಸಲ ಬರುತ್ತದೆ. ಬೋಗುಣಿ ಬೋರಲು ಹಾಕಿದ ಹಾಗೆ ದುಂಡಗಿನ ಛಾವಣಿ. ಮೇಲೆಲ್ಲ ನೇರಳೆ ಬಣ್ಣ, ಕೆಳಗೆ ಗೋಡೆಗೆ ಕೆನೆ ಬಣ್ಣ, ಎರಡೂ ಸೇರುವ ಕಡೆ ಸುತ್ತಲೂ ಒಂದು ಗೆರೆ. ದಾರ ಹಿಡಿದು ಎಳೆಯೋಣವೆಂದರೆ ದುಂಡಗಿದೆ, ಪಟ್ಟಿ ಅಂಟಿಸೋಣವೆಂದರೆ ಹಳೇ ಗಾರೆ ಉದುರುತ್ತದೆ. ಬರಿಗೈಯಲ್ಲಿ, ಒಂದೇ ಬ್ರಷ್ಷಿನಲ್ಲಿ ಎಳೆಯಬೇಕು. ಆ ಗೆರೆ ಎಳೆಯುವ ಕೈ ಸುತ್ತಮುತ್ತ ಒಂದೇ ಇತ್ತು. ಆ ಕೈ ಬಿಳಿಯಂಗಿಯದು.

ಆದರೆ ಮನೆಯಲ್ಲಿ ಒಪ್ಪಂದವೊಂದು ಆಗಿತ್ತು. ಹೆಂಡತಿ ಸುಮ್ಮನೆ ಬಿಟ್ಟಿರಲಿಲ್ಲ. ಏಣಿ ಹತ್ತು, ಬೇಡ ಅನ್ನುವುದಿಲ್ಲ, ಆದರೆ ಕೈ ನಡುಗಿದ್ದು ಕಂಡರೆ, ಅಂಗಿಯ ಮೇಲೆ ಒಂದೇ ಒಂದು ಹನಿ ಕಂಡರೆ, ಅವತ್ತಿಗೆ ಏಣಿಗೆ ಕೈಮುಗಿದು ಕೆಳಗೆ ಕೂತು ಬಣ್ಣ ಕಲಸಬೇಕು. ಗೆರೆ ಅವಳ ತಮ್ಮ ಎಳೆಯುತ್ತಾನೆ. ಬಿಳಿಯಂಗಿ ಒಪ್ಪಿಕೊಂಡ. ತನ್ನ ಮೇಲೆ ಹನಿ ಬೀಳುವುದುಂಟೇ ಎಂಬ ಧೈರ್ಯ ಅವನದು.

ಇನ್ನು ಅಕ್ಕನ ವಿಷಯ. ಬಿಳಿಯಂಗಿಯ ಅಕ್ಕ ಪಕ್ಕದ ಬೀದಿಯಲ್ಲಿದ್ದಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಅಡುಗೆಮನೆಯಲ್ಲಿ ಅಡುಗೆಗಿಂತ ಔಷಧಿಯೇ ಹೆಚ್ಚು. ಕಪಾಟಿನ ತುಂಬ ಡಬ್ಬಿಗಳು, ಒಂದಕ್ಕೂ ಚೀಟಿ ಇಲ್ಲ, ಮೂಸಿ ನೋಡಿ ಇದು ಕೆಮ್ಮಿನದು ಇದು ಮಂಡಿಯದು ಅನ್ನುವಳು. ಅವಳ ಕಷಾಯ ಕುಡಿದ ಮುದುಕನೊಬ್ಬ ಊರುಗೋಲನ್ನು ಒಲೆಗೆ ಹಾಕಿದನಂತೆ. ಒಲೆ ಉರಿದದ್ದಂತೂ ನಿಜ.

ತಮ್ಮ ಆಸ್ಪತ್ರೆಯಿಂದ ಮೂಳೆಚಕ್ಕಳವಾಗಿ ಬಂದದ್ದು ಕಂಡು ಅಕ್ಕನ ಕರುಳು ಚುರುಕ್ ಅಂದಿತು. ಬೆಳ್ಳುಳ್ಳಿ, ಶುಂಠಿ, ಅರಿಸಿನದ ಬೇರು ಜಜ್ಜಿ, ಅದಕ್ಕೆ ಮಾರುಕಟ್ಟೆಯಲ್ಲಿ ಬೇರುನಾರು ಮಾರುವವನಿಂದ ತಂದ ಬೂದು ಬಣ್ಣದ ಪುಡಿ ಒಂದು ಹಿಡಿ ಸೇರಿಸಿ, ದೊಡ್ಡ ಪಾತ್ರೆ ತುಂಬ ಇದ್ದ ನೀರು ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿದಳು. ಕುಡಿದವನ ಎರಡು ಕಿವಿಯಿಂದಲೂ ಹಬೆ ಹೊರಟಿತು. ರಕ್ತ ಚೆನ್ನಾಗಿ ಓಡಲಿ, ಮೈಗೆ ಕಸುವು ಬರಲಿ ಅಂತ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದು ಕುಡಿದು ಹೋಗಬೇಕೆಂದು ಆಜ್ಞೆ ಮಾಡಿದಳು. ಬಿಳಿಯಂಗಿಗೂ ಕುಡಿದ ಮೇಲೆ ಏಣಿ ತಾನೇ ಎತ್ತಿಕೊಂಡು ಹೋದ ಹಾಗೆ ಅನಿಸಿತು.

ಹೆಂಡತಿಗೆ ಈ ವಿಷಯ ತಿಳಿಸಲಿಲ್ಲ. ತಿಳಿಸಿದರೆ ಅವಳು ಆಸ್ಪತ್ರೆಗೆ ಹೋಗಿ ಕೇಳುತ್ತಾಳೆ, ಅವರು ಬೇಡ ಅನ್ನುತ್ತಾರೆ, ಆಮೇಲೆ ನಾದಿನಿ ಅತ್ತಿಗೆ ನಡುವೆ ಇವನು ಅಡಕತ್ತರಿಗೆ ಸಿಕ್ಕ ಅಡಿಕೆಯಾಗುತ್ತಾನೆ. ಅದೂ ಅಲ್ಲದೆ ಕಷಾಯ ಔಷಧಿ ಹೇಗಾದೀತು? ಔಷಧಿ ಎಂದರೆ ಬೆಳ್ಳಿ ಕಾಗದದಿಂದ ಪಟ್ಟಂತ ಒಡೆದು ಬರುವಂಥದ್ದು. ಇದು ಅಕ್ಕನ ಪ್ರೀತಿ, ಬಿಸಿಯಾಗಿದೆ ಅಷ್ಟೇ.

ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕಿತ್ತು. ಅದಕ್ಕೆ ಅವನು ತನ್ನ ಕಸುಬಿನ ವಿದ್ಯೆಯಿಂದಲೇ ಪರಿಹಾರ ಕಂಡುಕೊಂಡ. ಗೋಡೆಯ ಮೇಲೆ ಮೊದಲ ಕೋಟು ಹಸಿ ಇರುವಾಗ ಎರಡನೆಯದು ಬಳಿದರೆ ಎರಡೂ ಕಲೆತು ರಾಡಿಯಾಗುತ್ತದೆ. ಮೊದಲನೆಯದು ಒಣಗಿದ ಮೇಲೆ ಬಳಿದರೆ ಒಂದರ ಸುದ್ದಿಗೆ ಇನ್ನೊಂದು ಹೋಗುವುದಿಲ್ಲ. ಹಾಗೆಯೇ ಕಷಾಯ ಬೆಳಿಗ್ಗೆ, ಮಾತ್ರೆ ರಾತ್ರಿ. ನಡುವೆ ಇಡೀ ಹಗಲು ಬಿಸಿಲಿದೆ, ಒಣಗದೆ ಎಲ್ಲಿ ಹೋದೀತು? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂತ ಅವನು ತನ್ನ ಬುದ್ಧಿಗೆ ತಾನೇ ಭೇಷ್ ಅಂದುಕೊಂಡ.

ಟಾಕೀಸಿನ ಛಾವಣಿಗೆ ನೇರಳೆ ಏರತೊಡಗಿತು. ಕುರ್ಚಿಗಳನ್ನೆಲ್ಲ ಕಿತ್ತು ಒಂದು ಕಡೆ ಪೇರಿಸಿ ಮೇಲೆ ತಾಡಪಾಲು ಹೊದಿಸಿದ್ದರು. ನೆಲದ ತುಂಬ ಹಳೇ ಪತ್ರಿಕೆಗಳು, ಬಾಗಿಲ ಸಂದಿಯಿಂದ ಬರುವ ಒಂದು ಕೋಲು ಬಿಸಿಲಲ್ಲಿ ಗಾರೆಯ ಧೂಳು ಹಾರಾಡುತ್ತಿತ್ತು. ಬಿಳಿಯಂಗಿ ಬಕೆಟ್ಟಿನ ಹಿಡಿಯನ್ನು ಮುಂಗೈಗೆ ನೇತುಹಾಕಿಕೊಂಡು ಏಣಿಯ ತುದಿಯಲ್ಲಿ ಟಿಕ್ ಟಿಕ್ ಅನ್ನುತ್ತಿದ್ದ. ಕೆಳಗಿನವರು ಅದೇ ತಾಳಕ್ಕೆ ಗೋಡೆಗೆ ಮರಳು ಕಾಗದ ಉಜ್ಜುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಕೈತೊಳೆಯಲು ಅಂಗಿಯ ತೋಳು ಮಡಚಿದವನು ನೀರು ಮುಟ್ಟದೆ ನಿಂತ. ಮುಂಗೈಯ ಮೇಲೆ ಅಂಗೈಯಗಲ ನೇರಳೆ ಕಲೆ. ಛಾವಣಿಯದೇ ಬಣ್ಣ. ಬಿಳಿಯಂಗಿಯ ಮೇಲೆ ಬಣ್ಣ ಬಿದ್ದಿತ್ತು.

ಭಾವಮೈದ ನೋಡಿಬಿಟ್ಟ. ಅವನ ಮುಖ ಅರಳಿತು.

"ಏನ್ ಭಾವ, ಹನಿಗಳಿಗೆ ಕೊನೆಗೂ ನಿಮ್ಮ ವಿಳಾಸ ಸಿಕ್ತಾ?"

ಬಾಯಿ ಮುಚ್ಚಿಕೊಂಡು ಗೋಡೆಯ ಬಿರುಕಿಗೆ ಪುಟ್ಟಿ ಮೆತ್ತು ಅಂತ ಬಿಳಿಯಂಗಿ ಗದರಿಸಿದ. ಅಕ್ಕನ ಕಿವಿಗೆ, ಅಂದರೆ ಅವನ ಅಕ್ಕನ, ತನ್ನ ಹೆಂಡತಿಯ ಕಿವಿಗೆ ಇದು ಬೀಳಕೂಡದೆಂದು ಆಣೆ ಹಾಕಿಸಿಕೊಂಡ. ಆಮೇಲೆ ಹಿತ್ತಲಿಗೆ ಹೋಗಿ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಉಜ್ಜಿದ. ಕಲೆ ಹೋಗಲಿಲ್ಲ. ಇನ್ನೂ ಜೋರಾಗಿ ಉಜ್ಜಿದ. ಮರುದಿನ ನೋಡಿದರೆ ಕಲೆ ದೊಡ್ಡದಾಗಿತ್ತು. ಮೊಣಕೈ ಹತ್ತಿರ ಮರಿಯೊಂದು ಹುಟ್ಟಿತ್ತು. ಏಣಿಗೆ ಒರಗುವ ತೊಡೆಯ ಮೇಲೂ ಒಂದು. ಬಟ್ಟೆಯೊಳಗೆ ತೊಡೆಯ ಮೇಲೆ ಬಣ್ಣ ಹೇಗೆ ಬಿತ್ತು ಅಂತ ಇನ್ನೊಬ್ಬನಾಗಿದ್ದರೆ ಯೋಚಿಸುತ್ತಿದ್ದ. ಬಣ್ಣದವನಿಗೆ ಲೋಕದಲ್ಲಿ ಕಂಡ ಕಲೆಯೆಲ್ಲ ಬಣ್ಣವೇ.

ಅವನ ನಿದ್ದೆ ಹಾರಿಹೋಯಿತು. ಕಲೆ ಎಂದರೆ ಹನಿ, ಹನಿ ಎಂದರೆ ನಡುಗುವ ಕೈ, ನಡುಗುವ ಕೈ ಎಂದರೆ ಕೆಳಗೆ ಕೂತು ಕೋಲಿನಲ್ಲಿ ಬಣ್ಣ ಕಲಕುವುದು. ಎಷ್ಟು ನೋಡಿಕೊಂಡರೂ ಕೈ ನಡುಗುತ್ತಿರಲಿಲ್ಲ. ಚಾಚಿದ ಕೈಮೇಲೆ ತುಂಬಿದ ನೀರಿನ ಲೋಟ ಇಟ್ಟರೆ ಅದರೊಳಗಿನ ಸೊಳ್ಳೆ ಈಜದೆ ನಿಂತುಕೊಳ್ಳುತ್ತಿತ್ತು. ಆದರೂ ಕಲೆ ಹೆಚ್ಚುತ್ತಲೇ ಇತ್ತು. ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕಿ ಮಣಿಕಟ್ಟಿನ ತನಕ ಗುಂಡಿ ಬಿಗಿದ. ಬ್ರಷ್ಷಿನ ಕತ್ತಿಗೆ ಬಟ್ಟೆ ಸುತ್ತಿದ. ಹೆಂಡತಿ ಎದುರಿಗೆ ಬಂದರೆ ಕುಂಬಳಕಾಯಿ ಕಳ್ಳನ ಹಾಗೆ ತೋಳು ಮುಟ್ಟಿ ನೋಡಿಕೊಂಡ. ಅಕ್ಕನ ಹತ್ತಿರ ಹೋಗಿ, ಯಾಕೋ ಕೈಯಲ್ಲಿ ಮೊದಲಿನ ಹಿಡಿತ ಇಲ್ಲ ಅಂದ. ಅಕ್ಕ ಕಷಾಯವನ್ನು ಇನ್ನೂ ಗಟ್ಟಿ ಮಾಡಿದಳು.

ಆಗ ನಡೆಯಿತು ವಿಚಿತ್ರ. ಮೊದಲ ಕಲೆ ಹಸಿರಾಯಿತು. ಆಮೇಲೆ ಅಂಚಿನಲ್ಲಿ ಹಳದಿಯಾಯಿತು.

ಬಿಳಿಯಂಗಿ ಬಣ್ಣದಲ್ಲಿ ಹುಟ್ಟಿ ಬಣ್ಣದಲ್ಲಿ ಬೆಳೆದವನು. ನೇರಳೆ ಬಿಸಿಲಿಗೆ ಮಾಸುತ್ತದೆ, ಬಿಳಿಚುತ್ತದೆ, ಆದರೆ ಹಸಿರಾಗಿ ಹಳದಿಯಾಗುವ ನೇರಳೆಯನ್ನು ಅವನು ಕಂಡಿರಲಿಲ್ಲ. ಭಯದ ಜಾಗದಲ್ಲಿ ಆಸೆ ಬಂದು ಕೂತಿತು. ಛಾವಣಿಯ ಬಣ್ಣದಲ್ಲೇ ಏನೋ ಮಾಯೆ ಇದೆ ಅಂದುಕೊಂಡ. ಟಾಕೀಸಿನವರು ಒಂದೇ ಸಲ ಬಳಿಸಿಕೊಂಡರೆ ಸಾಕು, ವಾರ ವಾರಕ್ಕೂ ಛಾವಣಿ ತಾನೇ ಬಟ್ಟೆ ಬದಲಾಯಿಸುತ್ತದೆ. ಒಂದು ಹಲಗೆಗೆ ಆ ನೇರಳೆ ಬಳಿದು ಎದುರಿಗೆ ಕೂತು ಕಾದ. ಹಲಗೆ ನೇರಳೆಯಾಗೇ ಉಳಿಯಿತು. ಬಣ್ಣದಂಗಡಿಯವನ ಹತ್ತಿರ ಹೋಗಿ ಗುಟ್ಟಾಗಿ ತೋಳು ತೋರಿಸಿ, ಈ ಡಬ್ಬಿಯ ಬಣ್ಣ ಎಲ್ಲಿಂದ ತರಿಸಿದೆ ಅಂತ ಕೇಳಿದ. ಅಂಗಡಿಯವನು ಕನ್ನಡಕ ಹಣೆಗೇರಿಸಿ ನೋಡಿ, ನನ್ನ ಅಂಗಡಿಯಲ್ಲಿ ಇಂಥ ಮಾಲು ಇದ್ದಿದ್ದರೆ ನಾನು ಇನ್ನೂ ಈ ಮುರುಕು ಸ್ಟೂಲಿನ ಮೇಲೆ ಕೂತಿರುತ್ತಿದ್ದೆನಾ ಅಂದ.

ಅಷ್ಟರಲ್ಲಿ ರಕ್ತ ಪರೀಕ್ಷೆಯ ದಿನ ಬಂತು. ಒಂದು ಸಲ ಟಾಕೀಸಿನ ಗಡಿಬಿಡಿ ಅಂತ ತಪ್ಪಿಸಿದ್ದ. ಈ ಸಲ ಹೆಂಡತಿ ಕೈಹಿಡಿದು ಕರೆದುಕೊಂಡು ಹೋದಳು.

ಆಸ್ಪತ್ರೆಯ ಆ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಯಲ್ಲಿ ಪುಟ್ಟಿ ಸರಿಯಾಗಿ ಕೂರದ ಒಂದು ಬಿರುಕು. ಬಿಳಿಯಂಗಿ ಬಿರುಕಿನ ಮೇಲೆ ಕಣ್ಣಿಟ್ಟು ಕೂತ. ತೋಳು ಮಡಚಿ ಅಂತ ನರ್ಸಮ್ಮ ಹೇಳಿದಳು. ಅವನು ಎರಡು ಬೆರಳಗಲ ಮಡಚಿದ. ಅವಳು ತಾನೇ ಗುಂಡಿ ಬಿಚ್ಚಿ ಮೊಣಕೈ ತನಕ ಮೇಲೆ ಸರಿಸಿದಳು. ಹೆಂಡತಿಯ ಉಸಿರು ನಿಂತ ಸದ್ದು ಅವನಿಗೆ ಕೇಳಿಸಿತು.

"ಬಣ್ಣ ಸಿಸ್ಟರ್," ಅಂದ ಅವನು, ಹೆಂಡತಿಯ ಕಡೆ ನೋಡದೆ. "ಟಾಕೀಸಿನ ಛಾವಣಿದು. ಹೊಸ ಜಾತಿ. ಹಳೇದಾದ ಹಾಗೆ ಹಸಿರಾಗುತ್ತೆ."

ನರ್ಸಮ್ಮ ಹತ್ತಿಗೆ ಸ್ಪಿರಿಟ್ಟು ಅದ್ದಿ ಕಲೆಯ ಮೇಲೆ ಮೆಲ್ಲಗೆ ಒರೆಸಿ, ಹತ್ತಿಯನ್ನು ಅವನ ಕಣ್ಣಮುಂದೆ ಹಿಡಿದಳು. ಹತ್ತಿ ಬೆಳ್ಳಗೇ ಇತ್ತು.

"ಇದು ಹೊರಗಡೆಯಿಂದ ಬಿದ್ದಿದ್ದಲ್ಲ ಯಜಮಾನ್ರೇ. ಚರ್ಮದ ಕೆಳಗೆ ರಕ್ತ ಸೋರಿದೆ. ಒಳಗಡೆದು."

ರಕ್ತ ತೆಗೆದ ಸೂಜಿಯ ತೂತು ಮುಚ್ಚಲೇ ಇಲ್ಲ. ಹತ್ತಿ ಒತ್ತಿದರೆ ಹತ್ತಿ ಕೆಂಪಾಯಿತು, ಅದರ ಮೇಲೆ ಇನ್ನೊಂದು, ಅದೂ ಕೆಂಪು. ಬಿಳಿಯಂಗಿಯ ತಮಾಷೆಯೆಲ್ಲ ಆ ಸೂಜಿ ತೂತಿನಿಂದಲೇ ಸೋರಿಹೋಯಿತು. ನರ್ಸಮ್ಮ ಬಟ್ಟೆ ಸುತ್ತಿ ಬಿಗಿಯಾಗಿ ಹಿಡಿದುಕೊಂಡು ಡಾಕ್ಟರಮ್ಮನನ್ನು ಕರೆಸಿದಳು.

ಡಾಕ್ಟರಮ್ಮ ಪರೀಕ್ಷೆಯ ಫಲಿತಾಂಶ ನೋಡಿ ಕುರ್ಚಿ ಎಳೆದುಕೊಂಡು ಕೂತರು. ರಕ್ತ ಎಷ್ಟು ತೆಳುವಾಗಿರಬೇಕೋ ಅದಕ್ಕಿಂತ ಬಹಳ ತೆಳುವಾಗಿದೆ, ಏಣಿಯಿಂದ ಬೀಳುವುದು ಹಾಗಿರಲಿ, ಬಾಗಿಲಿಗೆ ತಲೆ ತಾಗಿದರೂ ತಲೆಯೊಳಗೆ ರಕ್ತ ಸುರಿದು ಪ್ರಾಣಕ್ಕೆ ಬರುತ್ತದೆ ಅಂತ ವಿವರಿಸಿದರು. ಬೈಯಲಿಲ್ಲ. ಮಾತ್ರೆ ಬಿಟ್ಟು ಬೇರೆ ಏನಾದರೂ ತಗೊಳ್ಳುತ್ತಿದ್ದೀರಾ ಅಂತ ಕೇಳಿದರು.

ಏನೂ ಇಲ್ಲ ಅಂದ ಬಿಳಿಯಂಗಿ. ಅವರು ಏನೂ ತಗೊಳ್ಳಲ್ಲ, ನಾನೇ ನೋಡ್ಕೋತೀನಿ ಅಂತ ಹೆಂಡತಿಯೂ ಪಾಪ ಸಾಕ್ಷಿ ಹೇಳಿದಳು.

ಹಾಗಾದರೆ ಮಾತ್ರೆಯೇ ಹೆಚ್ಚಾಗಿರಬೇಕು, ಕಡಿಮೆ ಮಾಡಬೇಕಾಗುತ್ತದೆ ಅಂದರು ಡಾಕ್ಟರಮ್ಮ. ಆದರೆ ಅವರ ಹುಬ್ಬು ಗಂಟಿಕ್ಕಿತ್ತು. ಇಷ್ಟು ದಿನ ಸರಿಯಾಗಿದ್ದ ಅಳತೆ ಈಗ ಯಾಕೆ ತಪ್ಪಿತು ಅಂತ ತಮ್ಮಷ್ಟಕ್ಕೆ ಗೊಣಗಿಕೊಂಡರು. ಬಿಳಿಯಂಗಿ ಆ ಹುಬ್ಬನ್ನೇ ನೋಡುತ್ತಿದ್ದ. ಆ ಹುಬ್ಬು ಅವನಿಗೆ ಹೊಸದಲ್ಲ. ಅದು ಅವನದೇ ಹುಬ್ಬು. ಗೋಡೆಯ ಹಿಂದೆ ಕೊಳಾಯಿ ಒಡೆದು ಸೋರುತ್ತಿರುತ್ತದೆ, ಮನೆಯವರು ಅದನ್ನು ಮುಚ್ಚಿಡುತ್ತಾರೆ, ಬಣ್ಣ ಗುಳ್ಳೆ ಎದ್ದಾಗ ಮೇಸ್ತ್ರಿಯನ್ನು ಕರೆಸಿ ಇದೇನು ಅಂತ ಕೇಳುತ್ತಾರೆ. ಮೇಸ್ತ್ರಿ ಕೆರೆದು ಮತ್ತೆ ಬಳಿಯುತ್ತಾನೆ, ಮತ್ತೆ ಗುಳ್ಳೆ. ಅಂಥ ಮನೆಯವರನ್ನು ಅವನು ಜನ್ಮವೆಲ್ಲ ಶಪಿಸಿದ್ದ. ಈಗ ನೋಡಿದರೆ ಆ ಮನೆಯವನ ಕುರ್ಚಿಯಲ್ಲಿ ತಾನೇ ಕೂತಿದ್ದಾನೆ.

ಎದೆಯೊಳಗಿನ ಟಿಕ್ ಟಿಕ್ ಕೋಣೆಯ ತುಂಬ ಕೇಳಿಸುತ್ತಿತ್ತು. ಹೇಳಿದರೆ ಏಣಿ ಹೋಯಿತು, ಅಕ್ಕ ಮುನಿದಳು, ಹೆಂಡತಿಯ ಮುಂದೆ ಮಾನ ಹೋಯಿತು. ಹೇಳದಿದ್ದರೆ ಡಾಕ್ಟರಮ್ಮ ಕಾಣದ ಕೊಳಾಯಿಯ ಮೇಲೆ ಬಣ್ಣ ಬಳಿಯುತ್ತಾರೆ.

"ಬೆಳಿಗ್ಗೆ ಅಕ್ಕನ ಮನೇಲಿ ಒಂದು ಲೋಟ ಕಷಾಯ ಕುಡೀತೀನಿ," ಅಂದ. "ಆದ್ರೆ ಮಾತ್ರೆ ಜೊತೆ ಸೇರ್ಸಿಲ್ಲ ತಾಯಿ. ಅದು ಬೆಳಿಗ್ಗೆ, ಇದು ರಾತ್ರಿ. ಒಂದು ಕೋಟು ಒಣಗಿದ ಮೇಲೇನೇ ಇನ್ನೊಂದು."

ಡಾಕ್ಟರಮ್ಮನಿಗೆ ನಗು ಬಂತೋ ಅಳು ಬಂತೋ, ಒಂದು ಗಳಿಗೆ ಕಿಟಕಿಯ ಕಡೆ ತಿರುಗಿದರು. ಕಷಾಯದಲ್ಲಿ ಏನೇನಿದೆ ಅಂತ ಕೇಳಿ, ಅದರಲ್ಲಿರುವ ಕೆಲವು ಇಷ್ಟು ಗಟ್ಟಿಯಾಗಿ ಕುದಿಸಿದರೆ ರಕ್ತವನ್ನು ತೆಳು ಮಾಡುವಂಥವೇ, ಮಾತ್ರೆಯ ಕೆಲಸವನ್ನೇ ಇನ್ನೊಬ್ಬ ಬಂದು ಮಾಡಿದ ಹಾಗೆ ಅಂದರು. ಮಾತ್ರೆಯ ಪ್ರಭಾವ ಒಂದು ಹಗಲಿಗೆ ಮುಗಿಯುವುದಿಲ್ಲ, ನಿನ್ನೆ ಮೊನ್ನೆಯದೂ ಒಳಗೆ ಇನ್ನೂ ಕೆಲಸ ಮಾಡುತ್ತಿರುತ್ತದೆ, ದೇಹದೊಳಗೆ ಒಣಗುವುದು ಅಂತ ಒಂದಿಲ್ಲ ಅಂದರು.

ಬಿಳಿಯಂಗಿ ತನ್ನ ತೋಳನ್ನು ಮೇಲೆ ಕೆಳಗೆ ತಿರುಗಿಸಿ ನೋಡಿಕೊಂಡ.

"ಅಂದ್ರೆ ನಾನು ಗೋಡೆ ಅಲ್ಲ," ಅಂದ. "ಬಕೆಟ್ಟು. ಯಾವಾಗ ಸುರಿದ್ರೂ ಎಲ್ಲಾ ಒಂದೇ ಕಡೆ ಕಲೆಯುತ್ತೆ."

"ಬಕೆಟ್ಟು," ಅಂತ ಡಾಕ್ಟರಮ್ಮ ಒಪ್ಪಿಕೊಂಡರು.

ಹೆಂಡತಿ ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಅವಳು ಅವನ ಹಸಿರು ಹಳದಿ ತೋಳಿನ ಮೇಲೆ ಸೆರಗು ಹೊದಿಸಿ, ನನಗೆ ಹೇಳೋಕೆ ಏನಾಗಿತ್ತು ರೀ ಅಂತ ಮಾತ್ರ ಕೇಳಿದಳು. ಬಿಳಿಯಂಗಿ ಮತ್ತೆ ಗೋಡೆಯ ಬಿರುಕು ನೋಡಿದ.

ಅವನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಸುದ್ದಿ ಕೇಳಿ ಅಕ್ಕ ಬಂದಳು. ಬಂದಳು ಎನ್ನುವುದಕ್ಕಿಂತ ದಂಡೆತ್ತಿ ಬಂದಳು. ಕಂಕುಳಲ್ಲಿ ಚೀಲ, ಚೀಲದಲ್ಲಿ ಕಷಾಯದ ಡಬ್ಬಿಗಳೆಲ್ಲ. ವಾರ್ಡಿನ ಬಾಗಿಲಲ್ಲೇ ಅವಳ ದನಿ ಕೇಳಿ ಮಲಗಿದ್ದ ರೋಗಿಗಳು ಎದ್ದು ಕೂತರು, ಕೂತಿದ್ದವರಿಗೆ ಅರ್ಧ ವಾಸಿಯಾಯಿತು. ತಮ್ಮನ ಮೈ ಕೆಡಿಸಿದ್ದು ಆ ಮಾತ್ರೆ, ಇವತ್ತೇ ಬಿಡಿಸಿ, ನನ್ನ ಕಷಾಯ ಒಂದೇ ಸಾಕು ಅಂತ ಅವಳ ವಾದ. ಕಷಾಯದ ಹೆಸರೆತ್ತಬೇಡಿ ಅತ್ತಿಗೆ ಅಂತ ಹೆಂಡತಿಯ ವಾದ. ಎತ್ತು ಏರಿಗೆ, ಕೋಣ ನೀರಿಗೆ. ಹಾಸಿಗೆಯ ಮೇಲೆ ಬಿಳಿಯಂಗಿ ಕಣ್ಣುಮುಚ್ಚಿ ಟಿಕ್ ಟಿಕ್ ಅನ್ನುತ್ತಿದ್ದ.

ಡಾಕ್ಟರಮ್ಮ ಬಂದರು. ಅಕ್ಕ ಸೊಂಟಕ್ಕೆ ಕೈಯಿಟ್ಟು, ಬೇರು ಎಲೆ ಯಾರನ್ನ ಕೊಂದಿದೆ ಹೇಳಿ ಅಂತ ಕೇಳಿದಳು. ಡಾಕ್ಟರಮ್ಮ ವಾದಕ್ಕೆ ಇಳಿಯಲಿಲ್ಲ. ಡಬ್ಬಿ ತೆಗೆದು ಮೂಸಿದರು, ಹೇಗೆ ಕುದಿಸುತ್ತೀರಿ ಅಂತ ಕೇಳಿದರು. ಅಕ್ಕ ಪಾತ್ರೆಯ ಗಾತ್ರದಿಂದ ಸೌದೆಯ ಉರಿಯ ತನಕ ಹೇಳಿದಳು. ಹಾಗೆ ಕೇಳಿದವರು ಅವಳಿಗೆ ಯಾರೂ ಸಿಕ್ಕಿರಲಿಲ್ಲ.

"ನೋಡಮ್ಮ, ನಿಮ್ಮ ಕಷಾಯದಲ್ಲಿ ಶಕ್ತಿ ಇಲ್ಲದೆ ಇದ್ದಿದ್ರೆ ನನಗೆ ಭಯಾನೇ ಇರ್ತಿರಲಿಲ್ಲ," ಅಂದರು ಡಾಕ್ಟರಮ್ಮ. "ಶಕ್ತಿ ಇದೆ. ಅದಕ್ಕೇ ಭಯ. ಒಂದೇ ಗಾಡಿನ ಇಬ್ಬರು ತಳ್ಳಿದ್ರು, ಇಬ್ಬರಿಗೂ ಇನ್ನೊಬ್ಬ ತಳ್ತಿರೋದು ಗೊತ್ತಿರಲಿಲ್ಲ. ಗಾಡಿ ಇಳಿಜಾರಿಗೆ ಹೋಯ್ತು."

ಅಕ್ಕ ಮೊದಲ ಮಾತಿಗೇ ನಿಂತುಬಿಟ್ಟಿದ್ದಳು. ನಾದಿನಿಯ ಕಡೆ ತಿರುಗಿ, ಕೇಳಿಸ್ಕೊಂಡ್ಯಾ, ಶಕ್ತಿ ಇದೆ ಅಂದ್ರು, ದೊಡ್ಡ ಓದು ಓದಿರೋರು ಅಂದಳು. ಹೆಂಡತಿ, ಕೇಳಿಸ್ತು ಅತ್ತಿಗೆ, ಮುಂದಿನದ್ದನ್ನೂ ಕೇಳಿಸ್ಕೊಳ್ಳಿ ಅಂದಳು.

ಮುಂದಿನದು ಇಷ್ಟು. ಮಾತ್ರೆ ಬಿಟ್ಟರೆ ಲೋಹದ ಬಾಗಿಲು ಹೆಪ್ಪುಗಟ್ಟುತ್ತದೆ, ಅದಕ್ಕೆ ಬದಲಿಲ್ಲ. ಕಷಾಯ ಇವತ್ತು ಗಟ್ಟಿ, ನಾಳೆ ತೆಳು, ಅದಕ್ಕೆ ಅಳತೆಯಿಲ್ಲ. ಆದ್ದರಿಂದ ಇವನ ಪಾಲಿಗೆ ಕಷಾಯ ನಿಲ್ಲಬೇಕು, ಮಾತ್ರೆ ಎಷ್ಟು ಅನ್ನುವುದನ್ನು ಪರೀಕ್ಷೆ ನೋಡಿ ನಾವು ಹೇಳುತ್ತೇವೆ. ಅಡುಗೆಗೆ ಹಾಕುವ ಬೆಳ್ಳುಳ್ಳಿ, ಅರಿಸಿನಕ್ಕೆ ಅಡ್ಡಿಯಿಲ್ಲ, ಯಾವಾಗಲೂ ಹಾಕುವಷ್ಟು ಹಾಕಿ. ಕೊನೆಗೆ ಡಾಕ್ಟರಮ್ಮ ಬೂದು ಪುಡಿಯ ಡಬ್ಬಿ ಎತ್ತಿ, ಇದೇನು ಅಂತ ಕೇಳಿದರು.

ಅಕ್ಕ ಡಬ್ಬಿ ಇಸಿದುಕೊಂಡು ಮೂಸಿದಳು.

"ಮಾರೋನು ಹೇಳಲಿಲ್ಲ," ಅಂದಳು ಮೆಲ್ಲಗೆ. "ನಾನೂ ಕೇಳಲಿಲ್ಲ."

ಆ ಮಾತು ಅವಳ ಬಾಯಿಂದ ಬಂದದ್ದೇ ಅವಳಿಗೆ ಆಶ್ಚರ್ಯವಾಯಿತು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮನಿಗೆ ಹೆಸರೂ ಗೊತ್ತಿಲ್ಲದ ಪುಡಿ ಕುಡಿಸಿದೆನಲ್ಲ ಅಂತ ಹಾಸಿಗೆಯ ಅಂಚಿಗೆ ಕೂತು ಅವನ ತೋಳು ಸವರತೊಡಗಿದಳು. ಬಿಳಿಯಂಗಿ ಕಣ್ಣು ತೆರೆದು, ಅಕ್ಕಾ ಜೋರಾಗಿ ಉಜ್ಜಬೇಡ, ನಾನು ಆಗ್ಲೇ ಉಜ್ಜಿ ನೋಡಿದೀನಿ ಅಂದ. ಮೂವರೂ ನಕ್ಕರು. ಪಕ್ಕದ ಹಾಸಿಗೆಯವನೂ ಕಾರಣ ಗೊತ್ತಿಲ್ಲದೆ ನಕ್ಕ.

ಬಿಳಿಯಂಗಿ ಮನೆಗೆ ಬಂದ. ಕಲೆಗಳು ಹಸಿರಾಗಿ, ಹಳದಿಯಾಗಿ, ಬಂದ ದಾರಿ ಹಿಡಿದು ಹೋದವು. ಹೊಸದು ಹುಟ್ಟಲಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ ಸರಿ ಬಂತು. ಹಾಗಾದರೆ ಏಣಿ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ ಏಣಿ ಬೇಡವೇ ಬೇಡ ಅಂದರು. ಅವನ ಮುಖ ಸುಣ್ಣವಾದದ್ದು ನೋಡಿ, ಸುತ್ತ ಕಟಕಟೆ ಇರುವ ಗಟ್ಟಿ ಸಾರವೆ ಕಟ್ಟಿಸಿಕೊಂಡು, ಸೊಂಟಕ್ಕೆ ಪಟ್ಟಿ, ತಲೆಗೆ ಟೊಪ್ಪಿ ಹಾಕಿಕೊಂಡರೆ ನೋಡೋಣ ಅಂದರು.

ಸಾರವೆ ಕಟ್ಟಿದವನು ಭಾವಮೈದ. ಗೆರೆ ಅವನ ಕೈಗೆ ಬಂದೇಬಿಟ್ಟಿತ್ತು. ಹಿಂದಿನ ವಾರ ಅವನು ಒಂದು ಕಡೆ ಎಳೆದೂ ನೋಡಿದ್ದ. ಆ ಗೆರೆ ಹಸಿವಾದ ಎರೆಹುಳದ ಹಾಗೆ ಹೋಗಿತ್ತು. ಅದನ್ನು ಅಳಿಸಿ, ಮರದ ಕಂಬ ನೆಟ್ಟು, ಹಲಗೆ ಹಾಸಿ, ಎದೆಯೆತ್ತರಕ್ಕೆ ಕಟಕಟೆ ಬಿಗಿದ. ಆನೆಯೊಂದು ಮರಿಗಳ ಸಮೇತ ಏರಿ ನಿದ್ದೆ ಹೊಡೆಯಬಹುದಿತ್ತು. ತನ್ನ ಕೈಯಾರೆ ಭಾವನ ಸೊಂಟಕ್ಕೆ ಪಟ್ಟಿ ಕಟ್ಟಿ, ಗಂಟನ್ನು ಎಳೆದು ನೋಡಿದ.

"ಅವತ್ತು ವಿಳಾಸ ಗಿಳಾಸ ಅಂತ ಆಡ್ಕೊಂಡೆ ಭಾವ," ಅಂದ, ಗಂಟಿನ ಮೇಲೇ ಕಣ್ಣಿಟ್ಟು. "ಅಕ್ಕಂಗೆ ಅವತ್ತೇ ಹೇಳಿದ್ದಿದ್ರೆ ಚೆನ್ನಾಗಿತ್ತು."

"ನಾನೇ ಹೇಳಲಿಲ್ಲ, ನೀನು ಯಾತಕ್ಕೆ ಹೇಳ್ತೀಯ," ಅಂದ ಬಿಳಿಯಂಗಿ. "ಬ್ರಷ್ಷು ಕೊಡು."

ಹೆಂಡತಿ ಕೆಳಗೆ ಪೇರಿಸಿದ ಕುರ್ಚಿಗಳಲ್ಲಿ ಒಂದನ್ನು ಎಳೆದು ಹಾಕಿಕೊಂಡು ಕೂತಳು. ಪಕ್ಕದಲ್ಲಿ ಅಕ್ಕ. ಬಿಳಿಯಂಗಿ ಬ್ರಷ್ಷು ಅದ್ದಿ, ಅಂಚಿಗೆ ಒರೆಸಿ, ಉಸಿರು ಹಿಡಿದ. ಎರಡು ಟಿಕ್‌ಗಳ ನಡುವೆ ಇರುವ ಸಂದಿಯಲ್ಲಿ ಗೆರೆಯನ್ನು ಎಳೆದ, ಟಿಕ್ ಅಂದಾಗ ನಿಂತ, ಮತ್ತೆ ಎಳೆದ. ಭಾವಮೈದ ಹಲಗೆಯಿಂದ ಹಲಗೆಗೆ ಅವನ ಹಿಂದೆಯೇ ಪಟ್ಟಿಯ ಹಗ್ಗ ಹಿಡಿದು ಸರಿದ. ಟಾಕೀಸು ಪೂರ್ತಿ ಸುತ್ತಿ ಗೆರೆಯ ಬಾಯಿ ಗೆರೆಯ ಬಾಲವನ್ನು ಕಚ್ಚಿತು. ಎಲ್ಲಿ ಶುರು, ಎಲ್ಲಿ ಮುಗಿತಾಯ ಅಂತ ಇವತ್ತಿಗೂ ಯಾರಿಗೂ ಗೊತ್ತಾಗಿಲ್ಲ. ಆ ಗೆರೆಯ ಮೇಲೆ ಹೊರಟ ಇರುವೆಯೊಂದು ಕೊನೆ ಸಿಗದೆ ಇನ್ನೂ ಸುತ್ತುತ್ತಿದೆ, ಬೇಕಾದರೆ ಹೋಗಿ ನೋಡಿ. ಕೆಳಗಿಳಿದ ಬಿಳಿಯಂಗಿಯನ್ನು ಹೆಂಡತಿ ಮುಂದೆ ಹಿಂದೆ ತಿರುಗಿಸಿ ನೋಡಿ, ನಾಳೆಗೂ ಇದೇ ಅಂಗಿ ನಡೆಯುತ್ತೆ, ಒಗೆಯೋ ಕೆಲಸ ತಪ್ಪಿತು ಅಂದಳು.

ಅಕ್ಕ ಔಷಧಿ ಬಿಟ್ಟಳೆಂದುಕೊಳ್ಳಬೇಡಿ. ಅದು ಸೂರ್ಯ ಮೂಡುವುದನ್ನು ಬಿಟ್ಟ ಹಾಗೆ. ಆದರೆ ಈಗ ಅವಳ ಬಾಗಿಲಿಗೆ ಕೆಮ್ಮು ಅಂತ ಬಂದವನನ್ನು ಅವಳು ಮೊದಲು ಕೂರಿಸಿ, ಡಾಕ್ಟರು ಏನು ಕೊಟ್ಟಿದ್ದಾರೆ ಹೇಳು ಅನ್ನುತ್ತಾಳೆ. ಏನೂ ಇಲ್ಲ ಅಂದವನ ಕಣ್ಣನ್ನೇ ನೋಡುತ್ತಾ ಕೂರುತ್ತಾಳೆ. ಅವಳ ನೋಟಕ್ಕೆ ಎಂಥ ಗಟ್ಟಿಗನೂ ತಡೆಯಲಾರ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ, ಹೆಂಡತಿಗೂ ಹೇಳದ ಮಾತ್ರೆ, ಎಲ್ಲವೂ ಹೊರಗೆ ಬರುತ್ತವೆ. ಅಂಥವರನ್ನು ತೋಳು ಹಿಡಿದು ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗಿ, ಡಾಕ್ಟರಮ್ಮ, ಇವನಿಗೆ ನನ್ನದು ಕೊಡಬಹುದಾ ಅಂತ ಕೇಳುತ್ತಾಳೆ. ಕೊಡಬಹುದು ಅಂದ ದಿನ ಅವಳನ್ನು ಹಿಡಿಯುವವರಿಲ್ಲ. ಹೆಸರು ಹೇಳದೆ ಪುಡಿ ಮಾರುವವನು ಅವಳನ್ನು ದೂರದಿಂದ ಕಂಡರೆ ಅಂಗಡಿ ಸಮೇತ ಮರೆಯಾಗುತ್ತಾನೆ.

ನಾನು ಹೇಳುವಷ್ಟು ಹೇಳಿದೆ. ಈಗ ನಿಮ್ಮ ಸರದಿ. ಇವತ್ತು ಬೆಳಗಿನಿಂದ ಗಂಟಲೊಳಗೆ ಇಳಿಸಿದ್ದು ಏನೇನು, ಒಂದೊಂದಾಗಿ ಹೇಳಿ. ಡಾಕ್ಟರಿಗೆ ಹೇಳಿದ್ದನ್ನು ನನಗೆ ಹೇಳಬೇಡಿ, ಅದು ಅವರಿಗೆ ಗೊತ್ತಿದೆ. ಹೇಳದೆ ಬಿಟ್ಟಿದ್ದೀರಲ್ಲ, ಅದರಿಂದ ಶುರುಮಾಡಿ. ಏನೂ ಇಲ್ಲ ಅನ್ನುತ್ತೀರಾ? ಸರಿ, ಹಾಗಾದರೆ ಸ್ವಲ್ಪ ತೋಳು ಮಡಚಿ, ನೋಡೋಣ.